ಮೂರು ಕಂಪ್ಯೂಟರುಗಳಲ್ಲಿ ಒಂದು ಧ್ವನಿ

ಮಾರ್ಚ್ 4

ಆಸ್ಪತ್ರೆಯಲ್ಲಿ ಅರ್ಧ ದಿನ ಹೋಯಿತು. ಹತ್ತೊಂಬತ್ತನೇ ತಾರೀಕಿಗೆ ಹೆಂಡತಿಗೆ ಆಪರೇಷನ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುತ್ತಾರಂತೆ. ಸ್ವಲ್ಪವಾದರೂ ಉಳಿಸಲು ಆಗುವುದಿಲ್ಲವೇ ಎಂದು ಕೇಳಿದೆ. ಡಾಕ್ಟರು ಫಿಲ್ಮಿನ ಮೇಲೆ ಪೆನ್ನಿನ ತುದಿಯಿಟ್ಟು ಗಡ್ಡೆ ಎಲ್ಲಿಂದ ಎಲ್ಲಿಗೆ ಹಬ್ಬಿದೆ ಎಂದು ತೋರಿಸಿದರು. ಹೆಂಡತಿ, "ಹೊಲಿಗೆ ನೀಟಾಗಿರ್ಲಿ ಡಾಕ್ಟ್ರೇ. ನಾನೂ ಟೈಲರು, ಕಣ್ಣಿಗೆ ಬೀಳುತ್ತೆ" ಎಂದಳು. ನಗಬೇಕೋ ಬೇಡವೋ ಎಂದು ಅವರಿಗೆ ತಿಳಿಯಲಿಲ್ಲ.

ಅಲ್ಲಿಂದ ಮಾತಿನ ಚಿಕಿತ್ಸೆ ಕೊಡುವ ಹುಡುಗಿಯ ಕೋಣೆಗೆ ಕಳಿಸಿದರು. ಹೆಂಡತಿ ಅವಳಿಗೆ ಆಗಲೇ "ಮಾತಿನ ಟೀಚರ್" ಎಂದು ಹೆಸರಿಟ್ಟಿದ್ದಾಳೆ. ದಿನಬಳಕೆಯ ಮಾತುಗಳನ್ನೆಲ್ಲ ಹೆಂಡತಿಯ ಧ್ವನಿಯಲ್ಲಿ ಈಗಲೇ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕಂತೆ. ಆಮೇಲೆ ಅವನ್ನು ಒಂದು ಟ್ಯಾಬಿಗೆ ಹಾಕಿ ಕೊಡುತ್ತಾರೆ. ಬಟನ್ ಒತ್ತಿದರೆ ಇವಳ ಧ್ವನಿಯಲ್ಲೇ ಮಾತು ಹೊರಡುತ್ತದೆ. ರೆಕಾರ್ಡ್ ಮಾಡಿಕೊಳ್ಳದೆ ಹೋದವರಿಗೆ ಟ್ಯಾಬಿನಲ್ಲಿ ಮೊದಲೇ ಇರುವ ಯಾವಳೋ ಹೆಂಗಸಿನ ಧ್ವನಿಯೇ ಗತಿ. ಅದನ್ನೂ ಕೇಳಿಸಿದಳು. ಲಿಫ್ಟಿನೊಳಗೆ ಮಹಡಿಯ ನಂಬರು ಹೇಳುತ್ತಾಳಲ್ಲ, ಅವಳ ತಂಗಿಯ ಹಾಗಿತ್ತು. "ಮನೇಲಿ ಹೇಗ್ ಮಾತಾಡ್ತೀರೋ ಹಾಗೇ ಮಾತಾಡಿ ಮೇಡಂ" ಎಂದು ಟೀಚರ್ ಒಂದು ಪಟ್ಟಿ ಕೊಟ್ಟಳು.

ಧ್ವನಿಯ ವಿಷಯ ನನಗೆ ಹೇಳಿಕೊಡಬೇಕೇ? ಹಿಂದಿನ ಕೋಣೆಯಲ್ಲಿ ಕೂತು ಧ್ವನಿಪುಸ್ತಕ ತಿದ್ದುವುದೇ ನನ್ನ ಹೊಟ್ಟೆಪಾಡು. ಯಾರೋ ಕಾದಂಬರಿ ಓದುತ್ತಾರೆ, ಕಂಪನಿ ಅದನ್ನು ನನಗೆ ಕಳಿಸುತ್ತದೆ, ನಾನು ಅವರ ಉಸಿರು, ಕೆಮ್ಮು, ಪುಟ ತಿರುವಿದ ಸದ್ದು ಎಲ್ಲ ಕತ್ತರಿಸಿ ವಾಪಸ್ ಕಳಿಸುತ್ತೇನೆ. ಮುಂದಿನ ಕೋಣೆಯಲ್ಲಿ ಹೆಂಡತಿಯ ಅಂಗಡಿ. ಅವಳ ಮಿಷನ್ನು, ಅವಳ ಗಿರಾಕಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಅವಳು, ಇವರ ಗಲಾಟೆ ತಡೆಯಲೆಂದೇ ನಡುವಿನ ಬಾಗಿಲಿಗೆ ಎರಡು ಕಂಬಳಿ ಹೊಡೆದಿದ್ದೇನೆ. ಆರು ತಿಂಗಳಿಂದ ಗಂಟಲು ಒಡೆದಿದ್ದರೂ ಅವಳು "ರೀ" ಎಂದರೆ ಬಾಗಿಲು, ಕಂಬಳಿ, ಹೆಡ್‌ಫೋನು ಯಾವುದೂ ಲೆಕ್ಕಕ್ಕಿಲ್ಲ.

ಸಂಜೆ ಮಗಳು ಫೋನಿನಲ್ಲೇ ಹೇಳಿಕೊಟ್ಟು ಕ್ಲೌಡಿನಲ್ಲಿ ಒಂದು ಫೋಲ್ಡರ್ ಮಾಡಿಸಿದಳು. ಅಂಗಡಿಯ ಲ್ಯಾಪ್‌ಟಾಪು, ನನ್ನ ಕಂಪ್ಯೂಟರು, ಬೇರೆ ಊರಿನಲ್ಲಿರುವ ಅವಳ ಲ್ಯಾಪ್‌ಟಾಪು, ಮೂರರಲ್ಲೂ ಅದು ಕಾಣುತ್ತದೆ. ಒಂದರಲ್ಲಿ ಹಾಕಿದ್ದು ಮೂರರಲ್ಲೂ ಬಂದು ಕೂರುತ್ತದೆ. ಎಲ್ಲರಿಗೂ ಒಂದೊಂದು ಪ್ರತಿ, ಅಂಚೆಯಲ್ಲಿ ಕಳಿಸಿದ ಹಾಗೆ. ಅರ್ಥವಾಯಿತು ಬಿಡು ಎಂದೆ.

ಮಾರ್ಚ್ 5

ಮೊದಲ ದಿನದ ರೆಕಾರ್ಡಿಂಗ್. ಒಳ್ಳೆಯ ಮೈಕು, ಮುಚ್ಚಿದ ಕಿಟಕಿ, ಆಫ್ ಮಾಡಿದ ಫ್ಯಾನು. ಎಲ್ಲ ಇದ್ದರೂ ಅವಳಿಂದ ಕೆಲಸ ತೆಗೆಯುವುದು ಹರಸಾಹಸ. "ನೀರು ಬೇಕು" ಎನ್ನಲು ಒಂಬತ್ತು ಸಲ. ಒಮ್ಮೆ ಉಸಿರು ಮೊದಲು ಬರುತ್ತದೆ, ಒಮ್ಮೆ ನಗು.

"ಉಸಿರು ಬಂತು. ಇನ್ನೊಂದ್ಸಲ."

"ಬದುಕಿರೋರಿಗೆ ಬರುತ್ತಪ್ಪ ಉಸಿರು. ಏನ್ ಮಾಡ್ಲಿ?"

ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ನಡುನಡುವೆ ಎತ್ತುತ್ತಾಳೆ. ಇಡೀ ಮಧ್ಯಾಹ್ನಕ್ಕೆ ನಾಲ್ಕೇ ಫೈಲು ಆಯಿತು. ಹಾಗೇ ಫೋಲ್ಡರಿಗೆ ಹಾಕಿದೆ, ಆಮೇಲೆ ತಿದ್ದಿದರಾಯಿತು. ಮಗಳು ಕೇಳಿ ಫೋನ್ ಮಾಡಿದಳು. "ಅಪ್ಪ, ನೀನು ಅಮ್ಮನ್ನ ಬೈಯೋದು ಚೆನ್ನಾಗಿ ಬಂದಿದೆ" ಎಂದು ನಕ್ಕಳು. ನಾನೇನು ಬೈದೆನೋ.

ಮಾರ್ಚ್ 9

ನನ್ನ ಜೊತೆ ಆಗುವುದಿಲ್ಲವಂತೆ. ಮೊನ್ನೆಯಿಂದ ಅಂಗಡಿಯ ಲ್ಯಾಪ್‌ಟಾಪಿನಲ್ಲಿ ತಾನೇ ರೆಕಾರ್ಡ್ ಮಾಡಿ ಫೋಲ್ಡರಿಗೆ ಸೇರಿಸುತ್ತಿದ್ದಾಳೆ. ಟೀಚರಿನ ಪಟ್ಟಿಯನ್ನು ಮೂಲೆಗೆ ಎಸೆದು ತನ್ನದೇ ಮಾಡಿಕೊಂಡಿದ್ದಾಳೆ. "ಬಂದೆ, ಇರಿ." "ಅಳತೆ ಕೊಡೋವಾಗ ಹೊಟ್ಟೆ ಒಳಗೆ ಎಳ್ಕೋಬೇಡಿ, ಆಮೇಲೆ ಬಟ್ಟೆಗೆ ಬೈತೀರಿ." "ನಾಳೆ ಕೊಡ್ತೀನಿ ಅಂದ್ರೆ ನಾಳೆನೇ." ಮಗಳನ್ನು ಕರೆಯುವುದಕ್ಕೆ ಒಂದು, ಬೈಯುವುದಕ್ಕೆ ಒಂದು, ಸಮಾಧಾನ ಮಾಡುವುದಕ್ಕೆ ಒಂದು. "ರೀ" ಒಂದಕ್ಕೇ ಐದಾರು ಫೈಲು.

ಕೇಳಿದರೆ ತಲೆ ಚಚ್ಚಿಕೊಳ್ಳಬೇಕು. ಹಿಂದೆ ಮಿಷನ್ನು ಓಡುತ್ತಿದೆ, ರಸ್ತೆಯಲ್ಲಿ ಲಾರಿ, ಯಾರೋ ಗಿರಾಕಿ ನಗುತ್ತಿದ್ದಾಳೆ. "ರೀ" ಎಂದು ಕೂಗಿದಲ್ಲೆಲ್ಲ ಸದ್ದಿನ ಮಟ್ಟ ತೋರಿಸುವ ಮೀಟರು ಕೆಂಪಿಗೆ ಹೋಗುತ್ತದೆ. ಇದನ್ನು ಟ್ಯಾಬಿಗೆ ಹಾಕಿದರೆ ಆಸ್ಪತ್ರೆಯವರು ನನ್ನ ಬಗ್ಗೆ ಏನೆಂದುಕೊಂಡಾರು?

ಮಗಳಿಗೆ ಹೊಸ ಆಫೀಸಿನಲ್ಲಿ ಬೇರೆ ಲ್ಯಾಪ್‌ಟಾಪ್ ಕೊಟ್ಟಿದ್ದಾರಂತೆ. ಅದರಲ್ಲಿ ಮನೆಯ ಫೈಲು ಇಡುವಂತಿಲ್ಲ. ಹಳೆಯದನ್ನು ಏಳನೇ ತಾರೀಕು ಬೆಳಿಗ್ಗೆಯೇ ಬೀರುವಿಗೆ ಸೇರಿಸಿದ್ದಾಳೆ.

ಮಾರ್ಚ್ 14

ಮೂರು ದಿನ ಕಂಪನಿಯ ಕೆಲಸ ಬದಿಗಿಟ್ಟು ಇಡೀ ಫೋಲ್ಡರನ್ನು ತಿದ್ದಿದೆ. ಇನ್ನೂರು ಚಿಲ್ಲರೆ ಫೈಲು. ಉಸಿರು ತೆಗೆದೆ, ನಗು ತೆಗೆದೆ, ಮಿಷನ್ನಿನ ಗುಂಯ್ ಎನ್ನುವುದನ್ನು ತೆಗೆದೆ. ಗಂಟಲಿನ ಒಡಕನ್ನೂ ಆದಷ್ಟು ಸವರಿದೆ. ಕೂಗಿದ್ದು, ಪಿಸುಗುಟ್ಟಿದ್ದು ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದೆ. ಎರಡೆರಡು ಫೈಲು ಇದ್ದರೆ ಟೀಚರಿಗೆ ಗೊಂದಲ ಎಂದು ಅದೇ ಹೆಸರಿನಲ್ಲೇ ಸೇವ್ ಮಾಡಿದ್ದೇನೆ. ಕಚ್ಚಾದ್ದು ಹೇಗೂ ಅವಳ ಲ್ಯಾಪ್‌ಟಾಪಿನಲ್ಲಿ ಇದೆಯಲ್ಲ. ಕಂಪನಿಯಲ್ಲೂ ಹಾಗೇ, ಮೂಲ ಅವರ ಹತ್ತಿರ ಇರುತ್ತದೆ, ನನಗೆ ಬರುವುದು ಪ್ರತಿ.

ಇಷ್ಟು ವರ್ಷದಲ್ಲಿ ಇಷ್ಟು ಶುದ್ಧವಾದ ಕೆಲಸ ನಾನು ಮಾಡಿಲ್ಲ. ಅವಳಿಗೆ ಹೇಳಲಿಲ್ಲ. ಟ್ಯಾಬಿನಲ್ಲಿ ಕೇಳಿದಾಗ ಗೊತ್ತಾಗಲಿ.

ಮಾರ್ಚ್ 18

ನಾಳೆ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯಲ್ಲಿರಬೇಕು. ಇವತ್ತು ಸಂಜೆ ಅವಳು ಮಗಳ ಜೊತೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು. ಪಕ್ಕದ ಮನೆಯವರ ಜೊತೆ ಮಾತಾಡಿದಳು. ಬಟ್ಟೆ ಒಯ್ಯಲು ಬಂದ ಗಿರಾಕಿಗಳ ಜೊತೆ ಬಾಗಿಲಲ್ಲಿ ನಿಂತು ಮಾತಾಡಿದಳು. ನನ್ನ ಪಾಳಿ ಬರುವಷ್ಟರಲ್ಲಿ ಗಂಟಲು ಕಟ್ಟಿತ್ತು. "ಬ್ಯಾಗಿಗೆ ಟವೆಲ್ ಹಾಕಿದ್ರಾ?" ಎಂದಳು. ಹಾಕಿದ್ದೇನೆ ಎಂದೆ.

ಮಾರ್ಚ್ 19

ಮುಗಿಯಿತು. ಉಸಿರಾಡುತ್ತಿದ್ದಾಳೆ. ಕತ್ತಿನಲ್ಲಿ ತೂತು.

ಮಾರ್ಚ್ 28

ಸ್ಲೇಟಿನಲ್ಲಿ ಬರೆಯುತ್ತಾಳೆ. ಮೊದಲು ಬರೆದದ್ದು: "ಹೊಲಿಗೆ ಪರವಾಗಿಲ್ಲ." ಡಾಕ್ಟರಿಗೆ ತೋರಿಸಿದೆ. ಈ ಸಲ ನಕ್ಕರು.

ನಕ್ಕಾಗ ಅವಳಿಂದ ಸದ್ದು ಬರುವುದಿಲ್ಲ. ಭುಜ ಮಾತ್ರ ಅಲ್ಲಾಡುತ್ತದೆ. ಅತ್ತರೂ ಅಷ್ಟೇ. ಯಾವುದು ಯಾವುದೆಂದು ಮುಖ ನೋಡಿಯೇ ತಿಳಿಯಬೇಕು. ಹಾಗಾಗಿ ಅವಳಿಗೆ ಬೆನ್ನು ಮಾಡಿ ಕೂರುವುದನ್ನು ಬಿಟ್ಟಿದ್ದೇನೆ.

ಏಪ್ರಿಲ್ 20

ಮನೆಗೆ ಬಂದು ಎರಡು ವಾರ. ಇವತ್ತು ಟೀಚರ್ ಟ್ಯಾಬ್ ತಂದಳು. ಕ್ಲೌಡಿನಿಂದ ಫೈಲುಗಳನ್ನೆಲ್ಲ ಇಳಿಸಿ ಬಟನ್‌ಗಳಿಗೆ ಜೋಡಿಸಿದ್ದಳು. ಅಂಗಡಿಯ ಮೇಜಿನ ಮೇಲಿಟ್ಟು, "ಒತ್ತಿ ಮೇಡಂ" ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ಕಾಯುತ್ತಿದ್ದೆ, ನಾಚಿಕೆಯಿಲ್ಲದೆ ಬರೆಯುತ್ತೇನೆ.

ಅವಳು "ರೀ" ಎನ್ನುವ ಬಟನ್ ಒತ್ತಿದಳು. ಟ್ಯಾಬು "ರೀ" ಎಂದಿತು. ಸ್ಪಷ್ಟವಾಗಿ, ಶುದ್ಧವಾಗಿ, ಕಾಗುಣಿತ ಒಪ್ಪಿಸಿದ ಹಾಗೆ.

ಅವಳು ನನ್ನ ಮುಖ ನೋಡಿದಳು. ಇನ್ನೊಂದು ಒತ್ತಿದಳು. "ನಾಳೆ ಕೊಡ್ತೀನಿ ಅಂದ್ರೆ ನಾಳೆನೇ." ಇನ್ನೊಂದು. ಮಗಳನ್ನು ಬೈಯುವುದು, ಮಗಳನ್ನು ಸಮಾಧಾನ ಮಾಡುವುದು, ಎರಡೂ ಒಂದೇ ಥರ ಬಂದವು. ಬೇಗಬೇಗ ಒತ್ತುತ್ತಾ ಹೋದಳು, ಎಲ್ಲೋ ಒಂದು ಕಡೆ ಸಿಗಬಹುದು ಎನ್ನುವ ಹಾಗೆ. ಕೊನೆಗೆ ಸ್ಲೇಟು ತೆಗೆದುಕೊಂಡು ಬರೆದಳು: "ಇವಳು ಯಾರು?"

ನಾನು ತಿದ್ದಿದ್ದೇನೆ ಎಂದೆ. ಟೀಚರ್ ನೆಲ ನೋಡುತ್ತಿದ್ದಳು.

"ನಂದು ಕೊಡಿ" ಎಂದು ಬರೆದಳು. ನಿನ್ನ ಲ್ಯಾಪ್‌ಟಾಪಿನಲ್ಲೇ ಇದೆ, ಹಾಗೇ ಇದೆ, ಒಂದು ನಿಮಿಷ ಎಂದೆ. ತೆರೆದೆ. ಒಂದು ಫೈಲು ಕೇಳಿದೆ, ಎರಡು ಕೇಳಿದೆ. ಹತ್ತು ಕೇಳಿದೆ. ಎಲ್ಲ ನಾನು ತಿದ್ದಿದವೇ.

ಏಪ್ರಿಲ್ 21

ಮಗಳಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

"ಅಪ್ಪ, ಅದು ಮೂರು ಕಾಪಿ ಅಲ್ಲ. ಒಂದೇ ಫೈಲು, ಮೂರು ಮನೆ ಕಿಟಕೀಲಿ ಕಾಣ್ತಿತ್ತು. ನೀನು ಒಂದ್ ಕಡೆ ಬದಲಾಯಿಸಿದ್ರೆ ಎಲ್ಲಾ ಕಡೆ ಬದಲಾಗುತ್ತೆ. ಅದಕ್ಕೇ ಅಲ್ವಾ ಅದು ಇರೋದು?"

"ಅವಳು ಮೊದ್ಲು ಎಲ್ಲಾದ್ರೂ ಬೇರೆ ಕಡೆ ಸೇವ್ ಮಾಡಿರ್ತಾಳೆ."

"ಇಲ್ಲ ಅಪ್ಪ. ನೇರ ಫೋಲ್ಡರಿಗೇ ಮಾಡಮ್ಮ ಅಂತ ನಾನೇ ಹೇಳಿಕೊಟ್ಟಿದ್ದು."

ಹಳೆಯ ರೂಪಗಳನ್ನು ಕ್ಲೌಡಿನವರು ಇಟ್ಟಿರುತ್ತಾರಂತೆ, ಆದರೆ ಒಂದು ತಿಂಗಳು ಮಾತ್ರ. ನಾನು ತಿದ್ದಿದ್ದು ಮಾರ್ಚ್ ಹದಿನಾಲ್ಕಕ್ಕೆ. ಆ ತಿಂಗಳೆಲ್ಲ ನಾವು ಆಸ್ಪತ್ರೆಯ ಬೆಂಚಿನ ಮೇಲೆ, ಆಮೇಲೆ ಮನೆಯಲ್ಲಿ ಅವಳ ಹಾಸಿಗೆಯ ಪಕ್ಕದಲ್ಲಿ ಕಳೆದೆವು. ಆದರೂ ಎಲ್ಲ ಒತ್ತಿ ನೋಡಿದೆ. ಸಹಾಯಕ್ಕೆಂದು ಇರುವ ಜಾಗದಲ್ಲಿ ಬರೆದೆ. ಕ್ಷಮಿಸಿ ಎಂದು ಉತ್ತರ ಬಂತು.

ನನ್ನ ಹೆಂಡತಿಯ ಧ್ವನಿಯನ್ನು ಡಾಕ್ಟರು ತೆಗೆಯಲಿಲ್ಲ. ಅವರು ಗಡ್ಡೆ ತೆಗೆದರು. ಧ್ವನಿ ತೆಗೆದವನು ನಾನು, ಅದೂ ಐದು ದಿನ ಮೊದಲೇ, ಅದೂ ಖುಷಿಯಿಂದ.

ಏಪ್ರಿಲ್ 23

ಮಗಳ ಫೋನು. ಬೀರುವಿನಲ್ಲಿರುವ ಹಳೆಯ ಲ್ಯಾಪ್‌ಟಾಪು ಮಾರ್ಚ್ ಏಳರಿಂದ ಆನ್ ಆಗಿಲ್ಲ. ನಾನು ತಿದ್ದಿದ ಸುದ್ದಿ ಅದಕ್ಕೆ ಮುಟ್ಟಿಲ್ಲ, ಕಚ್ಚಾದ್ದು ಅದರೊಳಗೆ ಉಳಿದಿರಬಹುದಂತೆ.

"ನೆಟ್ ಸಿಕ್ಕಿದ್ರೆ ಮಾತ್ರ ಕೆಟ್ಟಿತು. ಸಿಕ್ಕ ತಕ್ಷಣ ಹೊಸದನ್ನ ಎಳ್ಕೊಂಡು ಹಳೇದನ್ನ ಒರೆಸಿಬಿಡುತ್ತೆ" ಎಂದಳು. ನಾನು ರೂಟರ್ ಆಫ್ ಮಾಡು ಎಂದೆ. ಮಾಡಿದ್ದಳು. ಪಕ್ಕದ ಮನೆಯವರದ್ದು ಹಿಡಿದೀತು ಎಂದೆ. ಅದಕ್ಕೆ ಪಾಸ್‌ವರ್ಡ್ ಬೇಕು ಅಪ್ಪ ಎಂದಳು. ಈ ಫೋನನ್ನೂ ದೂರ ಇಡು ಎಂದೆ. ಫೋನ್ ಇಟ್ಟು ಹೋದಳು. ನಾನು ಕಿವಿಗೆ ಒತ್ತಿಕೊಂಡೇ ಕೂತಿದ್ದೆ. ಅವಳ ಮನೆಯ ಗೋಡೆಗಡಿಯಾರ, ಕುರ್ಚಿ ಎಳೆದದ್ದು, ಲ್ಯಾಪ್‌ಟಾಪು ಶುರುವಾದ ಸದ್ದು ಕೇಳಿಸಿತು. ಹೆಂಡತಿ ಎದುರಿಗೆ ನಿಂತು ನನ್ನ ಮುಖವನ್ನೇ ಓದುತ್ತಿದ್ದಳು.

ಮಗಳು ವಾಪಸ್ ಬಂದಳು. "ಇದೆ ಅಪ್ಪ. ನಾಲ್ಕಿದೆ."

ಮೊದಲ ದಿನದವು. ನನ್ನ ಜೊತೆ ಕೂತು ಮಾಡಿದವು. ಅಂಗಡಿಯಲ್ಲಿ ಅವಳೊಬ್ಬಳೇ ಮಾಡಿಕೊಂಡ ಯಾವುದೂ ಅಲ್ಲಿಗೆ ತಲುಪಿರಲಿಲ್ಲ. ನಾಲ್ಕು ಬೆರಳು ತೋರಿಸಿದೆ. ಹೆಂಡತಿ ತಲೆಯಾಡಿಸಿ ಒಳಗೆ ಹೋದಳು.

ಏಪ್ರಿಲ್ 26

ಮಗಳು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ತಾನೇ ಬಂದಳು. ಇನ್ನು ಕ್ಲೌಡನ್ನು ನಂಬುವುದಿಲ್ಲ ಎಂದು ನಾವಿಬ್ಬರೂ ಹೇಳಿಕೊಂಡೆವು. ಕ್ಲೌಡಿನದೇನೂ ತಪ್ಪಿರಲಿಲ್ಲ.

ಮೂವರೂ ನನ್ನ ಕೋಣೆಯಲ್ಲಿ ಕೂತು ಕೇಳಿದೆವು. "ಬದುಕಿರೋರಿಗೆ ಬರುತ್ತಪ್ಪ ಉಸಿರು" ಬಂದಾಗ ಮಗಳು ಮುಖ ಮುಚ್ಚಿಕೊಂಡಳು. ಹೆಂಡತಿ ತುಟಿ ಬಿಗಿದು ಕೇಳುತ್ತಿದ್ದಳು, ತನ್ನ ಮಾತಿನ ಜೊತೆಗೇ ತುಟಿ ಒಮ್ಮೊಮ್ಮೆ ಅಲುಗುತ್ತಿತ್ತು. ಆ ನಗು ನನಗೆ ಮರೆತೇ ಹೋಗಿತ್ತು. ಒಂದೂವರೆ ತಿಂಗಳಲ್ಲಿ ಮರೆತು ಹೋಗುತ್ತದೆಯೇ ಮನುಷ್ಯನಿಗೆ?

ಮೂರನೆಯ ಫೈಲಿನ ನಡುವೆ ಅವಳು ಓದುವುದನ್ನು ನಿಲ್ಲಿಸಿದ್ದಾಳೆ.

"ರೀ, ಒಂದ್ ಮಾತು. ಇನ್ಮೇಲೆ ನಾನು ಆ ಕೋಣೆಯಿಂದ ಕರೆದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?"

ನನ್ನ ಧ್ವನಿ ಹೇಳಿತು: "ಅದು ಪಟ್ಟೀಲಿಲ್ಲ. ಮುಂದಿನದು ಓದು."

ಸ್ವಲ್ಪ ಹೊತ್ತು ಬರೀ ಕೋಣೆಯ ಸದ್ದು. ಆಮೇಲೆ ಅವಳು ಓದಿದಳು: "ಕಿಟಕಿ ತೆಗೀರಿ."

ನನಗೆ ಇದು ನೆನಪಿಲ್ಲ. ಆ ದಿನ ಇದೇ ಪುಸ್ತಕದಲ್ಲಿ ಏನು ಬರೆದಿದ್ದೇನೆಂದು ತಿರುವಿ ನೋಡಿದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಎತ್ತುತ್ತಾಳೆ ಎಂದು ದೂರಿದ್ದೇನೆ.

ಮಗಳು ಎದ್ದು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದಳು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು, ಆ ಪ್ರಶ್ನೆಯನ್ನು ಈಗ ತಾನೇ ಕೇಳಿದವಳ ಹಾಗೆ.

ಏಪ್ರಿಲ್ 27

ಬೆಳಿಗ್ಗೆ ಅವಳ ಹತ್ತಿರ ಹೋಗಿ ಹೇಳಿದೆ: ಆ ಫೈಲಿನಲ್ಲಿ ಒಂದು ಒಳ್ಳೆಯ "ರೀ" ಇದೆ, ನಿನ್ನದೇ, ಯಾವ ತಿದ್ದುಪಡಿಯೂ ಇಲ್ಲದ್ದು. ಅದನ್ನು ಮಾತ್ರ ಕತ್ತರಿಸಿ ಬಟನ್‌ಗೆ ಹಾಕಿಕೊಡುತ್ತೇನೆ, ಕರೆಯುವುದಕ್ಕಾಗುತ್ತದೆ.

ಸ್ಲೇಟು ತೆಗೆದುಕೊಂಡು ಬರೆದಳು: "ಅದರ ಮುಂದೆ ಮಾತಿದೆ. ಕತ್ತರಿಸಬೇಡಿ."

ಒತ್ತಾಯ ಮಾಡಲಿಲ್ಲ. ಯಾವ ಬಾಯಿಯಲ್ಲಿ ಮಾಡಲಿ?

ಏಪ್ರಿಲ್ 29

ಮಗಳನ್ನು ಬಸ್ಸು ಹತ್ತಿಸಿ ಬಂದು ಕಂಪ್ಯೂಟರಿನ ಮುಂದೆ ಕೂತೆ. ಫೋಲ್ಡರು ತೆರೆದೇ ಇತ್ತು. ನೋಡುತ್ತಿದ್ದ ಹಾಗೇ ಒಂದು ಫೈಲು ಮಾಯವಾಯಿತು. ಇನ್ನೊಂದು. ನಾನು ಏನನ್ನೂ ಮುಟ್ಟಿರಲಿಲ್ಲ. ಆಮೇಲೆ ಅರ್ಥವಾಯಿತು, ಮುಂದಿನ ಕೋಣೆಯಲ್ಲಿ ಅವಳು ಲ್ಯಾಪ್‌ಟಾಪ್ ತೆಗೆದು ಕೂತಿದ್ದಾಳೆ. ಎಲ್ಲವನ್ನೂ ಒಟ್ಟಿಗೆ ಅಳಿಸಬಹುದಿತ್ತು, ಅವಳಿಗೂ ಅದು ಗೊತ್ತು. ಒಂದೊಂದನ್ನೇ ಅಳಿಸುತ್ತಿದ್ದಳು. ಪ್ರತಿಯೊಂದನ್ನೂ ಅಳಿಸುವ ಮೊದಲು ಒಮ್ಮೆ ಕೇಳುತ್ತಿದ್ದಳು, ನನ್ನ ಶುದ್ಧವಾದ ಕೆಲಸ ಬಾಗಿಲಿನಾಚೆಯಿಂದ ಸಣ್ಣಗೆ ಬರುತ್ತಿತ್ತು. ಒಂದು ಮಾತು ಅಲ್ಲಿ ಕೇಳುವುದು, ಇಲ್ಲಿ ಒಂದು ಹೆಸರು ಹೋಗುವುದು.

ಅಳಿಸಿದ್ದೂ ಸ್ವಲ್ಪ ದಿನ ಕಸದ ಬುಟ್ಟಿಯಲ್ಲಿ ಇರುತ್ತದೆಂದು ಈಗ ನನಗೆ ಗೊತ್ತು. ವಾಪಸ್ ತರಬಹುದಿತ್ತು. ಮೌಸಿನ ಮೇಲಿಂದ ಕೈ ತೆಗೆದು ಕೊನೆಯ ಹೆಸರು ಹೋಗುವವರೆಗೂ ಕೂತಿದ್ದೆ.

ಸಂಜೆ ಟೀಚರಿಗೆ ಮೆಸೇಜ್ ಹಾಕಿದ್ದಾಳೆ. ಟ್ಯಾಬಿನಲ್ಲಿ ಮೊದಲೇ ಇರುವ ಧ್ವನಿ ಸಾಕಂತೆ.

ಮೇ 2

ಕಂಪನಿಯಿಂದ ಪತ್ರ. ಹೋದ ವಾರ ತಿದ್ದಿ ಕಳಿಸಿದ ಕಾದಂಬರಿಯಲ್ಲಿ ಉಸಿರಿನ ಸದ್ದು ಹಾಗೇ ಉಳಿದಿದೆಯಂತೆ, ಎರಡು ಅಧ್ಯಾಯ ವಾಪಸ್ ಕಳಿಸಿದ್ದಾರೆ. ಹಿಂದೆ ಎಂದೂ ಹೀಗಾಗಿರಲಿಲ್ಲ. ನನಗೇನೂ ಕೇಳಿಸಿರಲಿಲ್ಲ, ಅಥವಾ ಕೇಳಿಸಿದರೂ ತೆಗೆಯಬೇಕು ಎನಿಸಿರಲಿಲ್ಲ. ಬಾಗಿಲು ತೆಗೆದಿಟ್ಟು ಕೆಲಸ ಮಾಡಿದರೆ ಹೀಗೇ ಆಗುವುದು. ಮುಚ್ಚಿದರೆ ಅವಳು ಕುರ್ಚಿಯಿಂದ ಎದ್ದದ್ದು ತಿಳಿಯುವುದಿಲ್ಲ. ಕಂಬಳಿಗಳು ಧೂಳು ಹಿಡಿದಿದ್ದವು, ಒಗೆಯಲು ಹಾಕಿದ್ದೇನೆ.

ಗಿರಾಕಿಗಳು ಟ್ಯಾಬಿಗೆ ಹೊಂದಿಕೊಂಡಿದ್ದಾರೆ. ಅವಳು ಬಟನ್ ಒತ್ತುತ್ತಾಳೆ, ಟ್ಯಾಬಿನೊಳಗಿನ ಹೆಂಗಸು "ತೋಳು ಎತ್ತಿ" ಎನ್ನುತ್ತಾಳೆ, ಅವರು ಎತ್ತುತ್ತಾರೆ. ಎದುರಿಗಿದ್ದಾಗ ನನಗೂ ಕಷ್ಟವಿಲ್ಲ. ಅವಳ ಬೆರಳು ನೋಡಿಕೊಂಡಿರುತ್ತೇನೆ.

ಮೇ 6

ಮಧ್ಯಾಹ್ನ ಕೆಲಸಕ್ಕೆ ಕೂತಿದ್ದೆ. ಹೆಡ್‌ಫೋನು ಒಂದು ಕಿವಿಗೆ ಮಾತ್ರ, ಬಾಗಿಲು ತೆಗೆದೇ ಇತ್ತು. ಅಂಗಡಿಯಲ್ಲಿ ಯಾರೋ ಹೆಂಗಸು, "ರೀ, ಸ್ವಲ್ಪ ಇಲ್ಲಿ ಬನ್ನಿ" ಎಂದಳು. ಯಾರೋ ಗಿರಾಕಿ ತನ್ನ ಗಂಡನನ್ನು ಕರೆಯುತ್ತಿರಬೇಕು ಎಂದುಕೊಂಡೆ. ಮತ್ತೆ ಕರೆದಳು. ಅವನಿಗೆ ಕಿವಿ ಮಂದವೇನೋ ಪಾಪ, ಎಂದುಕೊಂಡು ವಾಕ್ಯ ತಿದ್ದುತ್ತಲೇ ಇದ್ದೆ. ಇನ್ನೊಮ್ಮೆ ಕರೆದಳು. ಕೋಪ ಬರಬೇಕಿತ್ತು ಅಷ್ಟು ಹೊತ್ತಿಗೆ, ಆದರೆ ಮಾತು ಅದೇ ಮಟ್ಟದಲ್ಲಿತ್ತು.

ಆಮೇಲೆ ಭುಜದ ಮೇಲೆ ಕೈ ಬಿತ್ತು. ತಿರುಗಿದರೆ ಅವಳು ಟ್ಯಾಬನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಹಿಂದೆ ಅಂಗಡಿ ಕಾಣುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ.

"ನೀನಾ? ಗೊತ್ತಾಗ್ಲಿಲ್ಲ" ಎಂದೆ.

ಗೊತ್ತು ಎನ್ನುವ ಹಾಗೆ ತಲೆಯಾಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲು ಸ್ಲೇಟು ಕೂಡ ತಂದಿರಲಿಲ್ಲ.

ಸೂಜಿಗೆ ದಾರ ಪೋಣಿಸಿಕೊಡಬೇಕಿತ್ತು, ಅಷ್ಟೇ. ಔಷಧಿಗೆ ಕಣ್ಣು ಮಂಜಾಗುತ್ತಿದೆಯೆಂದು ಮೊನ್ನೆಯೇ ಬರೆದು ತೋರಿಸಿದ್ದಳು. ಬೆಳಕಿಗೆ ಹಿಡಿದು ನೋಡಿದೆ, ನನಗೂ ತೂತು ಸರಿಯಾಗಿ ಕಾಣಲಿಲ್ಲ. ಅವಳು ಪಕ್ಕದಲ್ಲಿ ಕಾಯುತ್ತಾ ನಿಂತಿದ್ದಳು. ನಾಲ್ಕೈದು ಸಲ ತಪ್ಪಿ ಆಮೇಲೆ ದಾರ ಹೋಯಿತು.